ಹಳೆಯ ಗುಡ್ಡಕುಸಿತಗಳ ಜಾಡು ಹಿಡಿದು

ಮುಧೋಳ ಸೀಮೆಯ ರನ್ನ ಬೆಳಗಲಿಯಲ್ಲಿ ಗುಡ್ಡ ಜಾರುವ ಭಯವಿಲ್ಲ. ಆದರೆ ಆ ಸೀಮೆಗೆ ನೀರು ತರುವ ಘಟಪ್ರಭೆ ಹುಟ್ಟುವ ಸಹ್ಯಾದ್ರಿಯಲ್ಲಿ ಆ ಭಯ ಮಳೆಗಾಲದ ಜೊತೆಗೇ ಬರುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರು. ಪ್ರತಿ ಸಲವೂ ಮಳೆಯ ಪ್ರಮಾಣ, ರಸ್ತೆಗಾಗಿ ಗುಡ್ಡ ಕಡಿದದ್ದು ಚರ್ಚೆಗೆ ಬರುತ್ತವೆ. ಆ ಇಳಿಜಾರು ಹಿಂದೆಯೂ ಜಾರಿತ್ತೇ ಎಂದು ಕೇಳುವವರು ಕಡಿಮೆ. ಕೇಳಲೇಬೇಕಾದ ಪ್ರಶ್ನೆ ಅದು: 2024ರಲ್ಲಿ ನಾಶವಾದ ವಯನಾಡಿನ ಮುಂಡಕ್ಕೈ 1984ರಲ್ಲೂ ಕುಸಿತ ಕಂಡಿತ್ತು.

ಈ ಹುಡುಕಾಟ ಮೊದಲು ನಡೆದದ್ದು ವೈಮಾನಿಕ ಚಿತ್ರಗಳಲ್ಲಿ. ಜೋಡಿ ಚಿತ್ರಗಳನ್ನು ಸ್ಟೀರಿಯೋಸ್ಕೋಪಿನಡಿ ಇಟ್ಟು, ಗುಡ್ಡದ ನೆತ್ತಿಯಲ್ಲಿ ಕುದುರೆಲಾಳದಂಥ ಕಡಿತ, ಬುಡದಲ್ಲಿ ಉಬ್ಬಿದ ಮಣ್ಣು ಕಂಡರೆ ಗುರುತು ಹಾಕುತ್ತಿದ್ದರು. 2000ದಲ್ಲಿ ಬಾಹ್ಯಾಕಾಶ ನೌಕೆಯ ರಾಡಾರ್, 2005ರಲ್ಲಿ ನಮ್ಮದೇ ಕಾರ್ಟೊಸ್ಯಾಟ್-1 ಉಪಗ್ರಹ ನೆಲದ ಏರಿಳಿತವನ್ನು ಅಂಕಿಗಳಾಗಿಸಿದವು. ಆದರೆ ದಟ್ಟ ಕಾಡಿನಲ್ಲಿ ಅವು ಅಳೆದದ್ದು ಬಹುಮಟ್ಟಿಗೆ ಮರಗಳ ತುದಿಯನ್ನು. ಎಲೆಗಳ ಸಂದಿಯಿಂದ ನೆಲ ಮುಟ್ಟುವ ಲೇಸರ್, ಅಂದರೆ ಲೈಡಾರ್, ಬಂದ ಮೇಲೆ ಬರಿನೆಲ ಕಂಡಿತು. 2014ರಲ್ಲಿ ಅಮೆರಿಕದ ಓಸೋದಲ್ಲಿ ಗುಡ್ಡ ಜಾರಿ 43 ಜನ ಸತ್ತರು. ಆ ಕಣಿವೆಯ ಲೈಡಾರ್ ನಕ್ಷೆಯ ತುಂಬ ಹಳೆಯ ಕುಸಿತಗಳ ಗಾಯಗಳಿದ್ದವು. ಹೊಸ ಕುಸಿತದ ಮೈ ಒರಟು, ಹಳೆಯದರದು ಸವೆದು ನುಣುಪು. ಈ ಒರಟುತನವನ್ನು ಅಳೆದು, ಮಣ್ಣಿನಡಿ ಸಿಕ್ಕ ಮರದ ತುಂಡುಗಳ ಕಾಲನಿರ್ಣಯದೊಂದಿಗೆ ಹೊಂದಿಸಿ, ಕುಸಿತಗಳ ವಯಸ್ಸನ್ನೇ ಅಂದಾಜು ಮಾಡಿದರು.

ಈ ವಿಧಾನವನ್ನು ಹಾಗೇ ಎತ್ತಿ ಕೊಡಗಿಗೆ ತರಲಾಗದು. ಮುಂಗಾರು ಗುರುತುಗಳನ್ನು ಬೇಗ ತೊಳೆಯುತ್ತದೆ. ತೋಟದ ದಾರಿ, ಮನೆಗಾಗಿ ಮಟ್ಟಸ ಮಾಡಿದ ಜಾಗ, ಗದ್ದೆಯ ಮೆಟ್ಟಿಲು ಇಳಿಜಾರಿನ ರೂಪವನ್ನೇ ಬದಲಿಸಿವೆ. ಮೇಲ್ಮೈ ಮರೆತದ್ದನ್ನು ಆಳದಲ್ಲಿ ಹುಡುಕಬೇಕು.

ಅಲ್ಲಿ ಕಂಪನದ ಸರ್ವೆ ನೆರವಾಗುತ್ತದೆ. ನೆಲ ಸದಾ ಸಣ್ಣಗೆ ನಡುಗುತ್ತಲೇ ಇರುತ್ತದೆ. ಜಪಾನಿನ ನಾಕಾಮುರಾ 1989ರಲ್ಲಿ ಪ್ರಚುರಪಡಿಸಿದ ವಿಧಾನದಲ್ಲಿ, ಅಡ್ಡ ಕಂಪನವನ್ನು ಲಂಬ ಕಂಪನದಿಂದ ಭಾಗಿಸಿದರೆ ಸಡಿಲ ಪದರದ ಸ್ವಂತ ಆವರ್ತನ ಎದ್ದು ಕಾಣುತ್ತದೆ. ಪದರದಲ್ಲಿ ಅಡ್ಡ ಅಲೆಯ ವೇಗ ಸೆಕೆಂಡಿಗೆ 300 ಮೀಟರ್, ಆವರ್ತನ 5 ಹರ್ಟ್ಸ್ ಆದರೆ ದಪ್ಪ ಸುಮಾರು 15 ಮೀಟರ್. ವೇಗ ತಿಳಿಯಲು, ನೆಲದ ಕಂಪನ ಹಿಡಿಯುವ ಜಿಯೋಫೋನ್‌ಗಳನ್ನು ಸಾಲಾಗಿ ನೆಟ್ಟು ಸುತ್ತಿಗೆಯಿಂದ ಹೊಡೆದು ಮೇಲ್ಮೈ ಅಲೆಗಳನ್ನು ದಾಖಲಿಸುವ ವಿಧಾನ 1999ರಿಂದ ಜನಪ್ರಿಯವಾಯಿತು. ಬೆಂಗಳೂರಿನ ಭೂಕಂಪ ಅಪಾಯದ ನಕ್ಷೆಗೆ ಭಾರತೀಯ ವಿಜ್ಞಾನ ಸಂಸ್ಥೆಯವರು ಇದನ್ನೇ ಬಳಸಿದರು.

ಕರಾವಳಿಯಲ್ಲಿ ಒಂದು ತೊಡಕಿದೆ. ಗಟ್ಟಿ ಮುರಕಲ್ಲಿನ ಕೆಳಗೆ ಮೆತ್ತನೆಯ ಶೇಡಿ ಮಣ್ಣು, ಅದರ ಕೆಳಗೆ ಬಂಡೆ. ಕುಸಿಯದೆ ಅಲ್ಲೇ ಶಿಥಿಲವಾದ ಮಣ್ಣೂ ಕುಸಿದು ಬಿದ್ದ ಮಣ್ಣೂ ಕಂಪನದಲ್ಲಿ ಒಂದೇ ತೆರನಾಗಿ ಕಾಣಬಹುದು. ಆದ್ದರಿಂದ ಲೈಡಾರ್ ಅನುಮಾನಪಟ್ಟ ಕಡೆ ಕಂಪನ ಅಳೆದು, ಕೊನೆಗೆ ಕೊರೆದು ನೋಡಲೇಬೇಕು.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 2014ರಲ್ಲಿ ಆರಂಭಿಸಿದ ಭೂಕುಸಿತ ನಕ್ಷೆಗಳು 1:50,000 ಪ್ರಮಾಣದವು. ಅಲ್ಲಿನ ಒಂದು ಸೆಂಟಿಮೀಟರ್ ನೆಲದ ಮೇಲಿನ 500 ಮೀಟರ್. ಜಿಲ್ಲೆಯನ್ನು ಅರಿಯಲು ಅದು ಸಾಕು, ಒಂದು ಮನೆಯ ಹಿಂದಿನ ಇಳಿಜಾರನ್ನು ಅರಿಯಲು ಸಾಲದು. ಘಟ್ಟದಲ್ಲಿ ರಸ್ತೆಗೋ ರೆಸಾರ್ಟಿಗೋ ಗುಡ್ಡ ಕಡಿಯಲು ಅನುಮತಿ ಕೊಡುವ ಮುನ್ನ ಆ ಇಳಿಜಾರಿನ ಹಳೆಯ ಕುಸಿತಗಳ ದಾಖಲೆಯನ್ನು ಸರ್ಕಾರ ಕಡ್ಡಾಯ ಮಾಡಲಿ, ಅದನ್ನು ಗ್ರಾಮ ಪಂಚಾಯಿತಿಯ ಕೈಗೂ ಕೊಡಲಿ.