ಮುರಿದ ಮುಖದ ಮೂರು ಗೆರೆಗಳು

ಫ್ರಾನ್ಸಿನ ಲಿಲ್ ನಗರದ ಶಸ್ತ್ರವೈದ್ಯ ರೆನೆ ಲೆ ಫೋರ್ ನಡೆಸಿದ ಪ್ರಯೋಗದ ವಿವರ ಕೇಳಿದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಶವಗಳ ಮುಖಕ್ಕೆ ಆತ ದೊಣ್ಣೆಯಿಂದ ಹೊಡೆದ. ತಲೆಗಳನ್ನು ಮೇಜಿನ ಅಂಚಿಗೆ ಅಪ್ಪಳಿಸಿದ. ಆಮೇಲೆ ಅವನ್ನು ಬೇಯಿಸಿ, ಮಾಂಸ ಬಿಡಿಸಿ, ಮೂಳೆ ಎಲ್ಲೆಲ್ಲಿ ಸೀಳಿದೆ ಎಂದು ಬರೆದಿಟ್ಟ. ಹೀಗೆ ಪರೀಕ್ಷೆಗೆ ಒಳಗಾದ ತಲೆಗಳು 35. ಫಲಿತಾಂಶ ಪ್ರಕಟವಾದದ್ದು 1901ರಲ್ಲಿ.

ಇದು ಕ್ರೌರ್ಯವಲ್ಲ, ಅನಿವಾರ್ಯತೆ. ಕ್ಷಕಿರಣ ಬಂದು ಆಗಿನ್ನೂ ಆರೇ ವರ್ಷ. ಒಂದರ ಮೇಲೊಂದು ಬೀಳುವ ಮುಖದ ಮೂಳೆಗಳ ನೆರಳಿನಲ್ಲಿ ಬಿರುಕು ಹುಡುಕುವುದು ಸುಲಭವಿರಲಿಲ್ಲ. ಹೊರಗೆ ಚರ್ಮಕ್ಕೆ ಗಾಯವೇ ಇಲ್ಲದಿದ್ದರೂ ಒಳಗೆ ಮೂಳೆ ನುಚ್ಚುನೂರಾಗಿರಬಹುದು ಎಂಬುದನ್ನೂ ಲೆ ಫೋರ್ ಕಂಡುಕೊಂಡ.

ಮುಖ ಎಲ್ಲೆಂದರಲ್ಲಿ ಒಡೆಯುವುದಿಲ್ಲ. ಅದರ ಮೂಳೆಗಳು ಬಹುಪಾಲು ತೆಳು ತಗಡಿನಂಥವು, ನಡುನಡುವೆ ಟೊಳ್ಳು. ಅಲ್ಲಲ್ಲಿರುವ ದಪ್ಪ ಕಂಬಗಳೇ ಅವಕ್ಕೆ ಆಸರೆ. ಪೆಟ್ಟು ಬಿದ್ದಾಗ ಸೀಳು ದುರ್ಬಲ ಗೆರೆಗಳನ್ನು ಹಿಡಿದು ಸಾಗುತ್ತದೆ. ಮೊದಲನೆಯ ಗೆರೆ ಹಲ್ಲುಸಾಲಿನ ಮೇಲೆ ಅಡ್ಡಲಾಗಿ ಹೋಗಿ ಮೇಲ್ದವಡೆಯ ಕೆಳಭಾಗವನ್ನು ಬೇರ್ಪಡಿಸುತ್ತದೆ. ಎರಡನೆಯದು ಮೂಗಿನ ಬುಡದಿಂದ ಇಳಿದು ಮುಖದ ನಡುಭಾಗವನ್ನು ಗೋಪುರದಂತೆ ಕಳಚುತ್ತದೆ. ಮೂರನೆಯದರಲ್ಲಿ ಕಣ್ಣುಗೂಡಿನ ಮೂಲಕ ಇಡೀ ಮುಖವೇ ತಲೆಬುರುಡೆಯಿಂದ ಬೇರೆಯಾಗುತ್ತದೆ. ಇಂದಿನ ವಾಹನ ಅಪಘಾತಗಳಲ್ಲಿ ಇಷ್ಟು ಶುದ್ಧವಾದ ಗೆರೆಗಳು ಅಪರೂಪ. ಬಲಕ್ಕೊಂದು, ಎಡಕ್ಕೊಂದು ಬಗೆ ಇರುವುದೇ ಹೆಚ್ಚು. ಆದರೂ ವೈದ್ಯರು ಬಳಸುವುದು ಅದೇ ಹೆಸರನ್ನು.

ಒಂದನೆಯ ಮಹಾಯುದ್ಧದ ಕಂದಕಗಳಿಂದ ಮುಖ ಕಳೆದುಕೊಂಡವರು ಸಾವಿರಗಟ್ಟಲೆ ಬಂದರು. ಇಂಗ್ಲೆಂಡಿನ ಸಿಡ್‌ಕಪ್‌ನಲ್ಲಿ 1917ರಲ್ಲಿ ತೆರೆದ ಆಸ್ಪತ್ರೆಯಲ್ಲಿ ಹೆರಾಲ್ಡ್ ಗಿಲ್ಲೀಸ್ ಚರ್ಮ, ಮಾಂಸ ಜೋಡಿಸಿದ್ದು ಪ್ರಸಿದ್ಧ. ದಂತವೈದ್ಯರ ಪಾಲು ಅಷ್ಟು ಪ್ರಸಿದ್ಧವಲ್ಲ. ಆರ್ಮೇನಿಯ ಮೂಲದ ಕಜಾಂಜಿಯನ್‌ರಂಥವರು ಚೂರಾದ ದವಡೆಯನ್ನು ಹಲ್ಲುಗಳ ಆಧಾರದಲ್ಲೇ ಕಟ್ಟಿ ನಿಲ್ಲಿಸಿದರು.

ಹಣೆಯ ಕಥೆ ಬೇರೆ. ಹುಬ್ಬುಗಳ ಹಿಂದೆ ಗಾಳಿ ತುಂಬಿದ ಒಂದು ಕುಹರವಿದೆ. ಅದರ ಮುಂಗೋಡೆ ಮುರಿದರೆ ಹಣೆ ತಗ್ಗಾಗುತ್ತದೆ, ಅಷ್ಟೆ. ಹಿಂಗೋಡೆ ಒಡೆದು ಮಿದುಳಿನ ಪೊರೆ ಹರಿದರೆ ಮೂಗಿನಿಂದ ತಿಳಿನೀರು ಸೋರಬಹುದು. ಅದೇ ದಾರಿಯಲ್ಲಿ ಸೋಂಕು ಮಿದುಳಿಗೂ ಏರಬಹುದು. ಶೀತವೆಂದು ಕಡೆಗಣಿಸಿದರೆ ಪ್ರಾಣಕ್ಕೇ ಅಪಾಯ. ಹಿಂಗೋಡೆ ತೀರಾ ಪುಡಿಯಾಗಿದ್ದರೆ ಅದನ್ನು ತೆಗೆದು, ಕುಹರದ ಒಳಪೊರೆ ಕೆರೆದು, ಮೂಗಿಗಿರುವ ದಾರಿ ಮುಚ್ಚುತ್ತಾರೆ.

ಮಿದುಳಿನ ವೈದ್ಯ, ಮುಖದ ವೈದ್ಯ ಒಂದೇ ಮೇಜಿನ ಬಳಿ ನಿಲ್ಲುವ ಪದ್ಧತಿಗೆ ದಾರಿ ಮಾಡಿದವನು ಪಾರಿಸಿನ ಪಾಲ್ ಟೆಸಿಯೆ. ಹುಟ್ಟಿನಿಂದಲೇ ಮುಖ ವಿರೂಪಗೊಂಡವರಿಗೆ ತಲೆಬುರುಡೆಯ ಒಳಗಿನಿಂದ ಮಾಡಿದ ಚಿಕಿತ್ಸೆಯನ್ನು ಆತ 1967ರಲ್ಲಿ ರೋಮ್‌ನ ಸಮ್ಮೇಳನದಲ್ಲಿ ಮುಂದಿಟ್ಟ. ಆ ಅನುಭವ ಅಪಘಾತದ ಗಾಯಾಳುಗಳಿಗೂ ಒದಗಿತು. ಕಿವಿಯಿಂದ ಕಿವಿಗೆ, ಕೂದಲ ಮರೆಯಲ್ಲಿ ಕೊಯ್ದು ಹಣೆಯ ಚರ್ಮವನ್ನು ಕೆಳಕ್ಕೆ ಮಗುಚಿದರೆ ಮುರಿದ ಮೂಳೆಯೆಲ್ಲ ಕಣ್ಣೆದುರಿಗೆ. ಮುಖದ ಮೇಲೆ ಕಲೆಯಿಲ್ಲ.

1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ಸಿ.ಟಿ. ಸ್ಕ್ಯಾನ್ ಆಯಿತು. ತಂತಿಯ ಜಾಗಕ್ಕೆ ಪುಟ್ಟ ಲೋಹದ ಪಟ್ಟಿ, ಸ್ಕ್ರೂಗಳು ಬಂದವು. ಇಷ್ಟಾದರೂ ದವಡೆ ಮುರಿದಾಗ ಪಟ್ಟಿ ಬಿಗಿಯುವ ಮುನ್ನ ವೈದ್ಯರು ನೋಡುವುದು ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಸರಿಯಾಗಿ ಕೂತಿದೆಯೇ ಎಂದು.