ಸುಳ್ಳು ಶಾಸನಗಳು ಹೇಳುವ ಸತ್ಯ

ಮೈಸೂರಿನ ಅಶೋಕಪುರಂ ನಿಲ್ದಾಣದಿಂದ ಚಾಮರಾಜನಗರದ ರೈಲು ಹತ್ತಿದರೆ ನಂಜನಗೂಡು ದಾಟಿದ ಮೇಲೆ ಬದನಗುಪ್ಪೆ ಎಂಬ ಸಣ್ಣ ನಿಲ್ದಾಣ ಬರುತ್ತದೆ. ಹೊಲಗದ್ದೆಗಳ ನಡುವಿನ ಈ ಊರಿನ ಹೆಸರು ಕರ್ನಾಟಕದ ಚರಿತ್ರೆಯ ಒಂದು ದೊಡ್ಡ ಜಗಳದೊಂದಿಗೆ ಸೇರಿಕೊಂಡಿದೆ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ.

ಮಡಿಕೇರಿಯ ಸರಕಾರಿ ಖಜಾನೆಯಲ್ಲಿ ಒಂದು ಹಳೆಯ ತಾಮ್ರಪಟವಿತ್ತು. ತಲಕಾಡಿನ ಜಿನಾಲಯಕ್ಕೆ ಗಂಗರ ಅರಸ ಅವಿನೀತನಿಂದ 'ಬದಣೆಗುಪ್ಪೆ' ಎಂಬ ಊರು ದಾನವಾಗಿ ಬಂತು ಎಂದು ಅದು ಹೇಳುತ್ತದೆ. ಅದರಲ್ಲಿರುವ 388 ಎಂಬ ವರ್ಷವನ್ನು ಶಕವರ್ಷವೆಂದು ಹಿಡಿದರೆ ಅದು ಕ್ರಿ.ಶ. 466 ಆಗುತ್ತದೆ. ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ 1872ರಲ್ಲಿ ಇದನ್ನು ಪ್ರಕಟಿಸಿದರು. ಇಷ್ಟು ಹಳೆಯ ಕಾಲದ ಕನ್ನಡ ಮಾತುಗಳು ಅದರಲ್ಲಿದ್ದುದರಿಂದ ಕನ್ನಡಿಗರಿಗೆ ಅದು ಹೆಮ್ಮೆಯ ವಿಷಯವಾಯಿತು.

ಆದರೆ ಮುಂಬಯಿ ಪ್ರಾಂತದ ಅಧಿಕಾರಿ ಜೆ.ಎಫ್. ಫ್ಲೀಟ್ ಇದನ್ನು ಒಪ್ಪಲಿಲ್ಲ. ಫ್ಲೀಟ್ ಕನ್ನಡ ನಾಡಿನ ರಾಜವಂಶಗಳ ಚರಿತ್ರೆ ಬರೆದವರು, ಕನ್ನಡದ ವಿರೋಧಿಯೇನಲ್ಲ. ಅವರ ಆಕ್ಷೇಪ ಸರಳವಾಗಿತ್ತು. ಅಕ್ಷರಗಳ ರೂಪ ಐದನೆಯ ಶತಮಾನದ್ದಲ್ಲ. ಮೇಲಾಗಿ ಶಾಸನದಲ್ಲಿ 'ಅಕಾಲವರ್ಷ ಪೃಥ್ವೀವಲ್ಲಭ'ನ ಮಂತ್ರಿಯೊಬ್ಬನ ಪ್ರಸ್ತಾಪವಿದೆ. ಅಕಾಲವರ್ಷ ಎಂಬುದು ರಾಷ್ಟ್ರಕೂಟ ಅರಸರ ಬಿರುದು. ರಾಷ್ಟ್ರಕೂಟರು ಪ್ರಬಲರಾದದ್ದು ಎಂಟನೆಯ ಶತಮಾನದಲ್ಲಿ. ಇನ್ನೂ ಹುಟ್ಟಿರದ ರಾಜನ ಮಂತ್ರಿ 466ರಲ್ಲಿ ಎಲ್ಲಿಂದ ಬಂದ? ಗಂಗರ ಇನ್ನೂ ಹಲವು ತಾಮ್ರಪಟಗಳನ್ನು ಸೇರಿಸಿ ಫ್ಲೀಟ್ 1901ರಲ್ಲಿ ಭಾರತದ ಕೃತಕ ಶಾಸನಗಳ ಪಟ್ಟಿಯನ್ನೇ ಪ್ರಕಟಿಸಿದರು. ರೈಸ್ ಮತ್ತು ಫ್ಲೀಟ್ ನಡುವೆ ಈ ವಾದ ವರ್ಷಗಟ್ಟಲೆ ನಡೆಯಿತು.

ಸುಳ್ಳು ಶಾಸನವನ್ನು ಯಾರಾದರೂ ಏಕೆ ಬರೆಸುತ್ತಾರೆ? ಉತ್ತರ ಭೂಮಿಯಲ್ಲಿದೆ. ತಾಮ್ರಪಟವೆಂದರೆ ಅಂದಿನ ಹಕ್ಕುಪತ್ರ. ಅದು ಕೈಯಲ್ಲಿದ್ದರೆ ಊರಿನ ಉತ್ಪನ್ನ ನಿಮ್ಮದು, ಕಂದಾಯ ಇಲ್ಲ. ಆದ್ದರಿಂದ ಈ ಮೋಸವೂ ಅದರ ವಿರುದ್ಧದ ದೂರೂ ಬಹಳ ಹಳೆಯವು. 'ಕೂಟಶಾಸನ' ಬರೆಯುವವನಿಗೆ ಮನುಸ್ಮೃತಿ ಮರಣದಂಡನೆ ಹೇಳುತ್ತದೆ. ಕ್ರಿ.ಶ. 631ರ ಮಧುಬನ್ ತಾಮ್ರಪಟದಲ್ಲಿ ಸಾಮ್ರಾಟ ಹರ್ಷ ಸ್ವತಃ ಇಂಥದೊಂದು ಪ್ರಕರಣವನ್ನು ದಾಖಲಿಸಿದ್ದಾನೆ. ವಾಮರಥ್ಯ ಎಂಬ ಬ್ರಾಹ್ಮಣ ಕೂಟಶಾಸನದ ಬಲದಿಂದ ಸೋಮಕುಂಡಿಕಾ ಎಂಬ ಊರನ್ನು ಅನುಭವಿಸುತ್ತಿದ್ದ. ಹರ್ಷ ಆ ಶಾಸನವನ್ನು ಮುರಿಸಿ, ಊರನ್ನು ಬೇರೆ ಇಬ್ಬರಿಗೆ ಕೊಟ್ಟ.

ಫ್ಲೀಟ್ ಬಳಸಿದ ತರ್ಕವನ್ನು ಅವರಿಗಿಂತ ಎಂಟು ಶತಮಾನ ಮೊದಲೇ ಬಗ್ದಾದಿನ ವಿದ್ವಾಂಸರೊಬ್ಬರು ಬಳಸಿದ್ದರು. ಖೈಬರಿನ ಯಹೂದಿಯರಿಗೆ ಜಿಝ್ಯಾದಿಂದ ವಿನಾಯಿತಿ ನೀಡಿ ಪ್ರವಾದಿ ಮುಹಮ್ಮದ್(ಸ)ರು ಬರೆಸಿದ್ದು ಎನ್ನಲಾದ ಪತ್ರವೊಂದು ಹನ್ನೊಂದನೆಯ ಶತಮಾನದಲ್ಲಿ ವಝೀರನ ಮುಂದೆ ಬಂತು. ಅದನ್ನು ಹದೀಸ್ ವಿದ್ವಾಂಸ ಖತೀಬುಲ್ ಬಗ್ದಾದಿಯವರಿಗೆ ತೋರಿಸಲಾಯಿತು. ಅವರು ಸಾಕ್ಷಿಗಳ ಹೆಸರು ನೋಡಿ ಇದು ಕೃತಕವೆಂದರು. ಖೈಬರ್ ವಿಜಯವಾದದ್ದು ಹಿಜರಿ 7ರಲ್ಲಿ. ಸಾಕ್ಷಿ ಮುಆವಿಯಾ ಇಸ್ಲಾಮ್ ಸ್ವೀಕರಿಸಿದ್ದು ಹಿಜರಿ 8ರ ಮಕ್ಕಾ ವಿಜಯದ ವೇಳೆ. ಇನ್ನೊಬ್ಬ ಸಾಕ್ಷಿ ಸಅದ್ ಬಿನ್ ಮುಆದ್ ಹಿಜರಿ 5ರಲ್ಲೇ ತೀರಿಹೋಗಿದ್ದರು. ಪ್ರವಾದಿಯವರ ಹೆಸರಿದೆ ಎಂಬ ಕಾರಣಕ್ಕೆ ಆ ಪತ್ರವನ್ನು ಯಾರೂ ಪರೀಕ್ಷೆಯಿಂದ ಬಿಡಲಿಲ್ಲ. ಹೆಸರು ದೊಡ್ಡದಾದಷ್ಟೂ ಪರೀಕ್ಷೆ ಕಟ್ಟುನಿಟ್ಟಾಗಿರಬೇಕು.

ಹಾಗೆಂದು ಹಳೆಯದೆಲ್ಲ ಸುಳ್ಳು ಎನ್ನುವುದೂ ಪರೀಕ್ಷೆಯಲ್ಲ. ಗಂಗರ ಪೆನುಕೊಂಡ ತಾಮ್ರಪಟ ಸಿಕ್ಕಾಗ ಅದು ನಿಜವಾದದ್ದೆಂದು ಒಪ್ಪಿಕೊಂಡವರು ಇದೇ ಫ್ಲೀಟ್. ಮಡಿಕೇರಿಯ ಪಟವನ್ನೂ ಹಳೆಯ ಶಾಸನವೊಂದರ ನಂತರದ ಪ್ರತಿ ಇರಬಹುದೆಂದು ಭಾವಿಸುವವರಿದ್ದಾರೆ. ಮೈಸೂರಿನಲ್ಲಿ ದುಡಿದ ಶಾಸನತಜ್ಞ ಕೆ.ವಿ. ರಮೇಶ್ 1984ರಲ್ಲಿ ಗಂಗರ ಶಾಸನಗಳ ಸಂಪುಟ ತಂದಾಗ ಒಂದೊಂದನ್ನೂ ಪ್ರತ್ಯೇಕವಾಗಿ ತೂಗಬೇಕಾಯಿತು. ಸುಳ್ಳು ಶಾಸನಕ್ಕೂ ಬೆಲೆಯಿದೆ. ತಾನು ಹೇಳಿಕೊಳ್ಳುವ ಕಾಲದ ಬಗ್ಗೆ ಅದು ಸುಳ್ಳಾಡಬಹುದು. ಆದರೆ ತನ್ನನ್ನು ಬರೆಸಿದ ಕಾಲದ ಜನರಿಗೆ ಏನು ಬೇಕಾಗಿತ್ತು ಎಂಬುದನ್ನು ಅದು ನಿಜವಾಗಿಯೇ ಹೇಳುತ್ತದೆ.

ಇದು ಮುಗಿದ ಕಥೆಯಲ್ಲ. 2021ರಲ್ಲಿ ಕೇರಳದಲ್ಲಿ ವಂಚನೆಯ ಆರೋಪದ ಮೇಲೆ ಬಂಧಿತನಾದ ಪುರಾತನ ವಸ್ತುಗಳ ಸಂಗ್ರಾಹಕನೊಬ್ಬ ಟಿಪ್ಪು ಸುಲ್ತಾನನ ಸಿಂಹಾಸನ ತನ್ನಲ್ಲಿದೆ ಎಂದು ನಂಬಿಸಿದ್ದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಸಿಂಹಾಸನವನ್ನು ಒಡೆದು ಹಂಚಿಕೊಳ್ಳಲಾಯಿತು, ಅದರ ಹುಲಿಯ ತಲೆ ಇಂದು ಇಂಗ್ಲೆಂಡಿನ ವಿಂಡ್ಸರ್ ಅರಮನೆಯಲ್ಲಿದೆ. ಇಷ್ಟು ತಿಳಿದಿದ್ದರೆ ಯಾರೂ ಮೋಸಹೋಗಬೇಕಾಗಿರಲಿಲ್ಲ.

ಅಶೋಕಪುರಂ ಬಹುಪಾಲು ದಲಿತರು ನೆಲೆಸಿರುವ ಬಡಾವಣೆ. ಶತಮಾನಗಳ ಕಾಲ ಈ ನೆಲವನ್ನು ಉತ್ತವರ ಪೂರ್ವಜರಿಗೆ ಯಾವ ಅರಸನೂ ತಾಮ್ರಪಟ ಬರೆಸಿಕೊಡಲಿಲ್ಲ, ಸುಳ್ಳು ಪಟ ಬರೆಸಿಕೊಳ್ಳುವ ಶಕ್ತಿಯೂ ಅವರಿಗಿರಲಿಲ್ಲ. 'ಇದು ನಮ್ಮದು, ದಾಖಲೆ ಇದೆ' ಎಂಬ ಕೂಗು ಎಲ್ಲ ಕಡೆಯಿಂದಲೂ ಕೇಳಿಬರುವ ಇಂದಿನ ದಿನಗಳಲ್ಲಿ ಇದನ್ನು ನೆನಪಿಡಬೇಕು. ದಾಖಲೆ ನಮ್ಮ ಪರವಾಗಿದ್ದಾಗಲೂ ಅದರ ಸಾಕ್ಷಿಗಳ ಹೆಸರನ್ನು ಓದುವ ಪ್ರಾಮಾಣಿಕತೆ ನಮಗಿರಬೇಕು. ದಾಖಲೆಯೇ ಇಲ್ಲದವರ ಹಕ್ಕನ್ನು ಗುರುತಿಸುವ ನ್ಯಾಯಬುದ್ಧಿಯೂ ಇರಬೇಕು.