ಇಕಾಮದಲ್ಲಿ ಬರೆದ ಕಸುಬು: ಕೊಲ್ಲಿಯ ವಲಸಿಗರ ನೆರೆನಾಡ ಪ್ರಯಾಣ

ಸೌದಿ ಅರೇಬಿಯಾ, ಕುವೈತ್, ಬಹರೈನ್, ಕತಾರ್, ಸಂಯುಕ್ತ ಅರಬ್ ಎಮಿರೇಟ್ಸ್ ಮತ್ತು ಒಮಾನ್ ಎಂಬ ಆರು ಕೊಲ್ಲಿ ರಾಷ್ಟ್ರಗಳು ಒಂದರ ಮಗ್ಗುಲಲ್ಲಿ ಒಂದಿವೆ; ಸೌದಿಯ ಅಲ್ ಖೋಬರ್‌ನಿಂದ ಬಹರೈನಿನ ಮನಾಮಕ್ಕೆ ಮಂಗಳೂರಿನಿಂದ ಉಡುಪಿಗೆ ಇರುವುದಕ್ಕಿಂತ ಹೆಚ್ಚಿನ ದೂರವೇನೂ ಇಲ್ಲ. ಹಾಗಿದ್ದೂ ಅಲ್ಲಿ ದುಡಿಯಲು ಹೋದ ಭಟ್ಕಳ, ಕುಂದಾಪುರ, ಮಂಗಳೂರುಗಳ ಎಷ್ಟೋ ಮಂದಿ ದಶಕಗಟ್ಟಲೆ ಒಂದೇ ದೇಶದಲ್ಲಿದ್ದು, ಪಕ್ಕದ ದೇಶವನ್ನು ವಿಮಾನದ ಕಿಟಕಿಯಿಂದಲ್ಲದೆ ನೋಡದೆ ಊರಿಗೆ ಮರಳಿದ್ದಾರೆ. ಇದಕ್ಕೆ ಅವರ ನಿರಾಸಕ್ತಿಯಾಗಲಿ ಬಡತನವಾಗಲಿ ಪೂರ್ತಿ ಕಾರಣವಲ್ಲ. ನೆರೆಯ ನಾಡನ್ನು ಯಾರು ನೋಡಬಹುದು ಎಂಬುದನ್ನು ಈ ಪ್ರದೇಶದಲ್ಲಿ ದೂರಕ್ಕಿಂತ ಹೆಚ್ಚಾಗಿ ಕಾಗದಪತ್ರಗಳೇ ತೀರ್ಮಾನಿಸುತ್ತ ಬಂದಿವೆ.

ತೈಲಪೂರ್ವ ಕಾಲದಲ್ಲಿ ಸ್ಥಿತಿ ಬೇರೆಯಿತ್ತು. ಮಸ್ಕತ್ ಮತ್ತು ಮನಾಮಗಳಲ್ಲಿ ನೆಲೆಸಿದ್ದ ಕಚ್ಛ್ ಹಾಗೂ ಸಿಂಧ್‌ನ ವರ್ತಕರು, ಮುಂಬಯಿಯಿಂದ ಬಸ್ರಾವರೆಗೆ ಬಂದರಿನಿಂದ ಬಂದರಿಗೆ ಸಾಗುತ್ತಿದ್ದ ಬ್ರಿಟಿಷ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಕೊಲ್ಲಿಯ ಎರಡೂ ದಡಗಳನ್ನು ಬಳಸುತ್ತಿದ್ದರು. ಅವರ ಕೈಯಲ್ಲಿದ್ದ ಭಾರತದ ರೂಪಾಯಿ ಬಹುತೇಕ ಎಲ್ಲ ಬಂದರುಗಳಲ್ಲೂ ಚಲಾವಣೆಯಲ್ಲಿತ್ತು. 1959ರಲ್ಲಿ ಭಾರತದ ರಿಸರ್ವ್ ಬ್ಯಾಂಕು ಕೊಲ್ಲಿಗೆಂದೇ ಪ್ರತ್ಯೇಕ ನೋಟುಗಳನ್ನು ಹೊರಡಿಸಿತಾದರೂ 1966ರ ಅಪಮೌಲ್ಯದೊಂದಿಗೆ ಆ ವ್ಯವಸ್ಥೆ ಕುಸಿಯಿತು.

ವಿದೇಶಿ ಉದ್ಯೋಗದಲ್ಲಿದ್ದುಕೊಂಡೇ ನೆರೆಯ ನೆಲವನ್ನು ಅನ್ವೇಷಿಸಿದವರಲ್ಲಿ ಹೆಸರಾದವನು ಬರ್ಟ್ರಮ್ ಥಾಮಸ್ ಎಂಬ ಆಂಗ್ಲ. 1925ರಿಂದ ಮಸ್ಕತ್ತಿನ ಸುಲ್ತಾನನ ಹಣಕಾಸು ಸಚಿವನಾಗಿದ್ದ ಈತ ರಜೆಗಳನ್ನು ದಕ್ಷಿಣ ಒಮಾನಿನ ಧೋಫಾರ್ ಬೆಟ್ಟಗಳ ಸುತ್ತಾಟಕ್ಕೆ ಬಳಸಿಕೊಂಡು, ಕಡೆಗೆ ಬ್ರಿಟಿಷ್ ಅಧಿಕಾರಿಗಳ ಅನುಮತಿಗೆ ಕಾಯದೆ 1930ರ ಡಿಸೆಂಬರಿನಲ್ಲಿ ಸಲಾಲಾದಿಂದ ಹೊರಟು, ‘ರುಬ್ ಅಲ್ ಖಾಲಿ’ ಅಂದರೆ ‘ಬರಿದಾದ ಕಾಲುಭಾಗ’ ಎಂಬ ಮಹಾಮರಳುಗಾಡನ್ನು ದಾಟಿ, 1931ರ ಫೆಬ್ರವರಿಯಲ್ಲಿ ದೋಹಾ ತಲುಪಿದ. ಹಾಗೆ ದಾಟಿದ ಮೊದಲ ಯುರೋಪಿಯನ್ ಎಂಬ ಕೀರ್ತಿ ಆತನದಾಯಿತು. ಆ ಮರಳುಗಾಡಿನಲ್ಲಿ ತಲೆಮಾರುಗಳಿಂದ ಒಂಟೆ ಮೇಯಿಸುತ್ತಿದ್ದ ರಷೀದ್ ಪಂಗಡದ ದಾರಿತೋರುಗರನ್ನು ಯಾರೂ ಅನ್ವೇಷಕರೆಂದು ಕರೆಯಲಿಲ್ಲ.

ಗಡಿಗಳು ಗಟ್ಟಿಯಾದದ್ದು ತೈಲದ ಬೆನ್ನಿಗೆ. ಬುರೈಮಿ ಓಯಸಿಸ್‌ನ ಒಂಬತ್ತು ಹಳ್ಳಿಗಳಲ್ಲಿ ಆರು ಅಬುಧಾಬಿಗೂ ಮೂರು ಒಮಾನಿಗೂ ಸೇರಿದ್ದವು. ಅದರಡಿಯಲ್ಲಿ ತೈಲವಿರಬಹುದೆಂಬ ನಿರೀಕ್ಷೆ ಹುಟ್ಟಿದಾಗ ಸೌದಿ ಅರೇಬಿಯಾ 1952ರಲ್ಲಿ ಅಲ್ಲಿನ ಹಮಾಸಾ ಹಳ್ಳಿಗೆ ತನ್ನವರನ್ನು ಕಳುಹಿಸಿತು. 1955ರಲ್ಲಿ ಬ್ರಿಟಿಷ್ ನೇತೃತ್ವದ ಪಡೆ ಅವರನ್ನು ಹೊರಗಟ್ಟಿತು. ಇಷ್ಟೆಲ್ಲ ಆದ ಮೇಲೂ ಅಬುಧಾಬಿಯ ಅಲ್ ಐನ್ ಮತ್ತು ಒಮಾನಿನ ಬುರೈಮಿ ಪಟ್ಟಣಗಳು ಒಂದೇ ಊರಿನಂತೆ ಬೆಳೆದದ್ದು ವಿಶೇಷ. ಅಲ್ ಐನ್‌ನಲ್ಲಿ ಕೆಲಸಕ್ಕಿದ್ದ ವಲಸಿಗ ಪಾಸ್‌ಪೋರ್ಟ್ ತೋರಿಸದೆ ಬೀದಿ ದಾಟಿ, ಬೇರೊಂದು ದೇಶದ ಸಂತೆಯಲ್ಲಿ ತರಕಾರಿ ಕೊಂಡು, ಸಂಜೆಗೆ ಮನೆ ಸೇರಬಹುದಾಗಿತ್ತು. ಈ ಶತಮಾನದ ಮೊದಲ ದಶಕದಲ್ಲಿ ನಡುವೆ ಬೇಲಿ ಬಂದು, ತಪಾಸಣಾ ಠಾಣೆಗಳು ಎದ್ದು, ಆ ಸಲುಗೆ ಮುಗಿಯಿತು.

ಬೇಲಿಗಿಂತ ಮೊದಲೇ ವಲಸಿಗರ ಕಾಲು ಕಟ್ಟಿದ್ದು ‘ಕಫಾಲಾ’ ಪದ್ಧತಿ. ಕಫೀಲ ಎಂದರೆ ವಲಸಿಗನ ಹೊಣೆ ಹೊತ್ತ ಪ್ರಾಯೋಜಕ, ಸಾಮಾನ್ಯವಾಗಿ ಕೆಲಸ ಕೊಟ್ಟ ಧಣಿ. ಇಕಾಮ ಎಂದರೆ ವಾಸದ ಪರವಾನಗಿ, ಅದರಲ್ಲಿ ಹೆಸರಿನೊಂದಿಗೆ ಕಸುಬೂ ನಮೂದಾಗಿರುತ್ತದೆ. ಸೌದಿಯಿಂದ ಹೊರಗೆ ಹೋಗಿಬರಲು ‘ಎಕ್ಸಿಟ್ ರೀ-ಎಂಟ್ರಿ’ ಎಂಬ ಇನ್ನೊಂದು ವೀಸಾ ಬೇಕಿತ್ತು, ಅದಕ್ಕೆ ಕಫೀಲನ ಒಪ್ಪಿಗೆ ಬೇಕಿತ್ತು, ಪಾಸ್‌ಪೋರ್ಟ್ ಎಷ್ಟೋ ಬಾರಿ ಅವನ ಕಪಾಟಿನಲ್ಲೇ ಇರುತ್ತಿತ್ತು. 1981ರಲ್ಲಿ ಕೊಲ್ಲಿ ಸಹಕಾರ ಮಂಡಳಿ ರಚನೆಯಾದ ಮೇಲೆ ಆರೂ ದೇಶಗಳ ಪ್ರಜೆಗಳಿಗೆ ಗಡಿ ಹಂತಹಂತವಾಗಿ ಸಡಿಲವಾಯಿತು. ಅವರ ಕಾರು ಓಡಿಸುವ ಚಾಲಕನಿಗೆ ಆಗಲಿಲ್ಲ.

ವಲಸಿಗರೊಳಗೇ ಕಸುಬಿನಿಂದ ಹುಟ್ಟಿದ ಅಂತರ ಕಣ್ಣಿಗೆ ಹೊಡೆಯುವಂತೆ ಕಾಣುತ್ತಿದ್ದುದು, ಸೌದಿ ಹಾಗೂ ಬಹರೈನ್‌ಗಳ ನಡುವೆ ಸಮುದ್ರದ ಮೇಲೆ ಸುಮಾರು 25 ಕಿಲೋಮೀಟರ್ ಉದ್ದಕ್ಕೆ ಕಟ್ಟಿದ, 1986ರ ನವೆಂಬರಿನಲ್ಲಿ ತೆರೆದ ಕಿಂಗ್ ಫಹದ್ ಸೇತುವೆಯಲ್ಲಿ. ಸೌದಿಯಲ್ಲಿ 1980ರ ದಶಕದ ಆರಂಭದಿಂದ 2018ರವರೆಗೆ ಸಾರ್ವಜನಿಕ ಚಿತ್ರಮಂದಿರಗಳೇ ಇರಲಿಲ್ಲವಾದ್ದರಿಂದ, ದಮ್ಮಾಮ್ ಮತ್ತು ಖೋಬರ್‌ಗಳ ಎಂಜಿನಿಯರು, ಲೆಕ್ಕಿಗ, ವೈದ್ಯ ಕುಟುಂಬಗಳಿಗೆ ಹಿಂದಿ ಸಿನಿಮಾ ಎಂದರೆ ಬಹರೈನ್ ಎಂದೇ ಅರ್ಥವಾಗಿತ್ತು. ವಾರದ ರಜೆ ಗುರುವಾರ–ಶುಕ್ರವಾರವಾಗಿದ್ದ 2013ರವರೆಗಿನ ಕಾಲದಲ್ಲಿ ಬುಧವಾರ ಸಂಜೆಯಾಯಿತೆಂದರೆ ನಡುಗಡಲಿನ ಕೃತಕ ದ್ವೀಪದ ತಪಾಸಣಾ ಕೇಂದ್ರದಲ್ಲಿ ಕಾರುಗಳ ಸಾಲು ಬೆಳೆಯುತ್ತಿತ್ತು: ಒಂದೆಡೆ ಸೌದಿಯ ಮುದ್ರೆ, ಅದರಾಚೆ ಬಹರೈನಿನ ಮುದ್ರೆ, ಹಿಂದಿನ ಸೀಟಿನಲ್ಲಿ ನಿದ್ದೆಹೋದ ಮಕ್ಕಳು. ಹಲವು ಬಾರಿ ಹೋಗಿಬರುವ ರೀ-ಎಂಟ್ರಿ ದೊರೆತವರಿಗೆ ಮಾತ್ರ ಇದು ವಾಡಿಕೆಯಾಗಲು ಸಾಧ್ಯವಿತ್ತು. ಅದೇ ಸೇತುವೆಯನ್ನು ದಡದಿಂದ ದಿನವೂ ನೋಡುತ್ತಿದ್ದ ಕಟ್ಟಡ ಕೆಲಸಗಾರನಿಗೆ ಅದು ಸೇತುವೆಯಾಗಿರಲಿಲ್ಲ.

ನೆರೆನಾಡನ್ನು ಬಯಸದೆಯೇ ಕಂಡವರೂ ಇದ್ದಾರೆ. 1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ಆಕ್ರಮಿಸಿದಾಗ ಅಲ್ಲಿದ್ದ ಭಾರತೀಯರಲ್ಲಿ ಬಹುಪಾಲು ಜನ ಬಸ್ರಾ, ಬಾಗ್ದಾದ್ ಮಾರ್ಗವಾಗಿ ಬಸ್ಸುಗಳಲ್ಲಿ ಜೋರ್ಡಾನ್ ತಲುಪಿದರು. ರಾಜಧಾನಿ ಅಮ್ಮಾನ್‌ನಿಂದ ಒಂದು ಲಕ್ಷಕ್ಕೂ ಮಿಕ್ಕ ಮಂದಿಯನ್ನು ಏರ್ ಇಂಡಿಯಾ ಸುಮಾರು ಎರಡು ತಿಂಗಳಲ್ಲಿ ಊರಿಗೆ ಕರೆತಂದಿತು. ದುಬೈಯಲ್ಲಿ ವಿಸಿಟ್ ವೀಸಾದ ಅವಧಿ ಮುಗಿದವರು ಹೊಸ ವೀಸಾ ಬರುವವರೆಗೆ ದೇಶದ ಹೊರಗಿರಬೇಕೆಂಬ ನಿಯಮದಿಂದ ಹುಟ್ಟಿದ ‘ವೀಸಾ ಚೇಂಜ್’ ಯಾತ್ರೆಯೂ ಇಂಥದ್ದೇ. ವೀಸಾ ಇಲ್ಲದೆ ಇಳಿಯಬಹುದಾಗಿದ್ದ ಇರಾನಿನ ಕಿಶ್ ದ್ವೀಪದಲ್ಲಿ ಕೆಲಸ ಹುಡುಕುವವರು ಅಗ್ಗದ ಕೋಣೆಗಳಲ್ಲಿ ಫ್ಯಾಕ್ಸ್ ಸಂದೇಶಕ್ಕಾಗಿ ಕಾದು ಕೂರುತ್ತಿದ್ದರು. 2004ರ ಫೆಬ್ರವರಿಯಲ್ಲಿ ಕಿಶ್‌ನಿಂದ ಬಂದ ವಿಮಾನ ಶಾರ್ಜಾದಲ್ಲಿ ಪತನಗೊಂಡು 43 ಮಂದಿ ಸತ್ತಾಗ ಈ ಯಾತ್ರೆಯ ಸಂಗತಿ ಹೊರಜಗತ್ತಿಗೂ ತಿಳಿಯಿತು.

ಈಚಿನ ವರ್ಷಗಳಲ್ಲಿ ಪ್ರವಾಸವನ್ನೇ ಆದಾಯಮೂಲವಾಗಿ ಕಂಡ ಸರ್ಕಾರಗಳು ನಿಯಮ ಸಡಿಲಿಸಿವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಧೋಫಾರ್ ಬೆಟ್ಟಗಳನ್ನು ಹಸಿರಾಗಿಸುವ ‘ಖರೀಫ್’ ನಮ್ಮ ಕರಾವಳಿಯನ್ನು ತೋಯಿಸುವ ನೈರುತ್ಯ ಮುಂಗಾರಿನದೇ ಅಂಚು. ಅದರ ತುಂತುರಿಗಾಗಿ ಕರಾವಳಿಯವರೇ ದುಬೈಯಿಂದ ಸಾವಿರ ಕಿಲೋಮೀಟರಿಗೂ ಹೆಚ್ಚು ಕಾರು ಓಡಿಸಿ ಸಲಾಲಾಕ್ಕೆ ಹೋಗುವುದು ಸ್ವಲ್ಪ ವಿಚಿತ್ರವೇ. ಸೌದಿಯು 2023ರ ಮಾರ್ಚ್‌ನಲ್ಲಿ ಕೊಲ್ಲಿ ದೇಶಗಳ ನಿವಾಸಿಗಳಿಗೆ, ಅವರ ಕಸುಬು ಯಾವುದೇ ಇರಲಿ, ಪ್ರವಾಸಿ ಇ-ವೀಸಾ ತೆರೆಯಿತು. ಅದಕ್ಕೆ ಎರಡು ವರ್ಷ ಮೊದಲು, 2021ರ ಮಾರ್ಚ್‌ನಲ್ಲಿ, ಖಾಸಗಿ ವಲಯದ ನೌಕರರು ಧಣಿಯ ಒಪ್ಪಿಗೆಯಿಲ್ಲದೆ ಎಕ್ಸಿಟ್ ರೀ-ಎಂಟ್ರಿ ಪಡೆಯಬಹುದೆಂಬ ಸುಧಾರಣೆ ಜಾರಿಗೆ ಬಂದಿತ್ತು. ಮನೆಗೆಲಸದವರು, ಮನೆಯ ಚಾಲಕರು ಮತ್ತು ಕುರಿ ಕಾಯುವವರನ್ನು ಅದರಿಂದ ಹೊರಗಿಡಲಾಯಿತು.